ಕ್ರೂಸರ್ ಬೈಕಿನ ಹಿಂದಿನ ಶಾಕ್, ಪ್ರೀಲೋಡ್, ಸಿ ಸ್ಪ್ಯಾನರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ಸುರತ್ಕಲ್‌ನಲ್ಲಿ ಮನೆ, ಅಂಗಳದಲ್ಲಿ ಒಂದು ಕ್ರೂಸರ್ ಬೈಕ್, ರಾಯಲ್ ಎನ್‌ಫೀಲ್ಡ್ ಮೀಟಿಯರ್ 350. ಭಾನುವಾರ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಬೈಕಿನ ಪಕ್ಕ ಕೂತರೆ ಸಾಕು, ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ: "ಶಾಕ್ ಟೈಟ್ ಮಾಡುದಾ ಮಾರಾಯ್ರೆ? ನನ್ನದೂ ಸ್ವಲ್ಪ ನೋಡಿ." ಹಾಗೆ ಬಂದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಪ್ರೀಲೋಡ್ ಅಂದ್ರೆ ಎಂತ?

ರಸ್ತೆಯ ಏಟು ತಡೆಯುವ ಶಾಕಿನ (ಶಾಕ್ ಅಬ್ಸಾರ್ಬರ್) ಸುತ್ತ ಇರುವ ಸ್ಪ್ರಿಂಗನ್ನು, ಬೈಕ್ ಮೇಲೆ ಯಾರೂ ಕೂರುವ ಮೊದಲೇ, ಸ್ವಲ್ಪ ಒತ್ತಿ ಇಟ್ಟಿರುತ್ತಾರೆ. ಆ ಒತ್ತಿಟ್ಟ ಅಳತೆಯೇ ಪ್ರೀಲೋಡ್. ಸ್ಪ್ರಿಂಗಿನ ಒಂದು ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಬಳೆ ಇರುತ್ತದೆ. ಅದಕ್ಕೆ ಕಾಲರ್ ಅನ್ನುತ್ತಾರೆ, ಅದರ ಒಂದೊಂದು ಮೆಟ್ಟಿಲಿಗೆ ಸ್ಟೆಪ್. ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಇನ್ನೂ ಸ್ವಲ್ಪ ಒತ್ತುತ್ತದೆ, ಇಲ್ಲವೇ ಸಡಿಲವಾಗುತ್ತದೆ. ಅಷ್ಟೇ.

ಹಾಗಾದ್ರೆ ಸ್ಟೆಪ್ ಏರಿಸಿದ್ರೆ ಸ್ಪ್ರಿಂಗ್ ಗಟ್ಟಿ ಆಗೋದು, ಅಲ್ವಾ?

ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ.

ಲೆಕ್ಕಕ್ಕೆ ಒಂದು ಸ್ಪ್ರಿಂಗ್ ಇದೆ ಅಂದುಕೊಳ್ಳಿ. ಅದು 1 ಸೆಂ.ಮೀ. ಕುಗ್ಗಲು 20 ಕೆ.ಜಿ. ಬೇಕು. ಪ್ರೀಲೋಡ್ ಏನೂ ಇಲ್ಲದಾಗ ಅದರ ಮೇಲೆ 60 ಕೆ.ಜಿ. ಇಟ್ಟರೆ ಶಾಕ್ 3 ಸೆಂ.ಮೀ. ಕೂರುತ್ತದೆ. ಈಗ ಕಾಲರ್ ತಿರುಗಿಸಿ ಮೊದಲೇ 1 ಸೆಂ.ಮೀ. ಒತ್ತಿಡಿ. ಅದೇ 60 ಕೆ.ಜಿ.ಗೆ ಶಾಕ್ 2 ಸೆಂ.ಮೀ. ಮಾತ್ರ ಕೂರುತ್ತದೆ. ಬೈಕ್ ಅಷ್ಟು ಎತ್ತರ ನಿಂತಿತು. ಆಮೇಲೆ ಇನ್ನೂ 60 ಕೆ.ಜಿ. ಹೇರಿ. ಎರಡೂ ಸಲ ಮತ್ತೆ 3 ಸೆಂ.ಮೀ.ಯೇ ಇಳಿಯುತ್ತದೆ. ಸ್ಪ್ರಿಂಗಿನ ಗುಣ ಹಾಗೇ ಉಳಿಯಿತು, ಬೈಕ್ ನಿಲ್ಲುವ ಎತ್ತರ ಮಾತ್ರ ಬದಲಾಯಿತು.

"ಆದ್ರೆ ನಾನು 5ನೇ ಸ್ಟೆಪ್ಪಿಗೆ ಇಟ್ಟಾಗ ಬೆನ್ನು ಮುರಿಯುವಷ್ಟು ಗಟ್ಟಿ ಇತ್ತಲ್ಲ?" ಅಂತ ಕೇಳುತ್ತೀರಿ. ಸುಳ್ಳಲ್ಲ. ಅದೇ ಸ್ಪ್ರಿಂಗನ್ನು 3 ಸೆಂ.ಮೀ. ಒತ್ತಿಟ್ಟರೆ 60 ಕೆ.ಜಿ. ಕೂತರೂ ಶಾಕ್ ಅಲುಗಾಡುವುದಿಲ್ಲ, ಪೂರ್ತಿ ಚಾಚಿಕೊಂಡೇ ನಿಂತಿರುತ್ತದೆ. ಚಕ್ರ ಕೆಳಗೆ ಇಳಿಯಲು ಜಾಗವೇ ಉಳಿದಿಲ್ಲ. ಆಗ ಬರುವ ಏಟು ಆ ಜಾಗ ಇಲ್ಲದ ಏಟು. ಸ್ಪ್ರಿಂಗ್ ಗಟ್ಟಿಯಾಗಿ ಬಂದದ್ದಲ್ಲ.

ನಮ್ಮ ಹೊಂಡದ ರಸ್ತೆಗೆ ಎಷ್ಟರಲ್ಲಿ ಇಡಬೇಕು?

ಮಳೆಗಾಲ ಮುಗಿದ ಮೇಲೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಸ್ಟೆಪ್ ನಂಬರ್ ರಸ್ತೆ ನೋಡಿ ಇಡುವಂಥದ್ದಲ್ಲ, ಮೇಲೆ ಕೂರುವ ಭಾರ ನೋಡಿ ಇಡುವಂಥದ್ದು.

ಚಕ್ರಕ್ಕೆ ಎರಡು ಕೆಲಸ ಉಂಟು. ಹಂಪ್ ಬಂದಾಗ ಮೇಲೆ ಏರಬೇಕು. ಹೊಂಡ ಬಂದಾಗ ಕೆಳಗೆ ಇಳಿಯಬೇಕು. ನೀವು ಕೂತಾಗ ಶಾಕ್ ಸ್ವಲ್ಪ ತಗ್ಗುತ್ತದಲ್ಲ, ಆ ತಗ್ಗಿದ ಅಳತೆಯೇ ಹೊಂಡಕ್ಕೆ ಇಳಿಯಲು ಚಕ್ರಕ್ಕೆ ಸಿಗುವ ದಾರಿ. ಅದಕ್ಕೆ ಸ್ಯಾಗ್ ಅನ್ನುತ್ತಾರೆ. ಸ್ಯಾಗ್ ತೀರಾ ಕಡಿಮೆ ಇದ್ದರೆ ಪ್ರತಿ ಹೊಂಡದಲ್ಲೂ ಚಕ್ರ ಗಾಳಿಯಲ್ಲಿ ನೇತಾಡಿ, ಆಚೆ ಅಂಚಿಗೆ ಹೋಗಿ ಬಡಿಯುತ್ತದೆ. ತೀರಾ ಜಾಸ್ತಿ ಇದ್ದರೆ ಹಂಪಿನಲ್ಲಿ ಏರಲು ಜಾಗ ಸಾಲದೆ ಶಾಕ್ ತಳಕ್ಕೆ ಮುಟ್ಟಿ 'ಧಡ್' ಅನ್ನುತ್ತದೆ. ಎರಡೂ ನಿಮ್ಮ ಬೆನ್ನಿಗೇ ಬರುವುದು. ಹಾಗಾಗಿ ಬೆನ್ನು ನೋವು ಬಂತು ಅಂದ ಕೂಡಲೆ ಸುಮ್ನೆ ಸಡಿಲ ಮಾಡುವುದು ಪರಿಹಾರ ಅಲ್ಲ. ಯಾವ ಏಟು ಅಂತ ಮೊದಲು ನೋಡಿ.

ಕ್ರೂಸರಿನಲ್ಲಿ ಇನ್ನೊಂದು ತಾಪತ್ರಯ. ಸೀಟು ತಗ್ಗು, ಹಿಂದಿನ ಶಾಕಿನ ಓಡಾಟವೂ (ಮೇಲೆ ಕೆಳಗೆ ಚಲಿಸುವ ಅಳತೆ) ಕಮ್ಮಿ. ಕಾಲು ಮುಂದೆ ಚಾಚಿ ಕೂರುವುದರಿಂದ ಹೊಂಡ ಬಂದಾಗ ಕಾಲಿಡುವ ಪೆಗ್ ಮೇಲೆ ಎದ್ದು ನಿಲ್ಲಲೂ ಆಗುವುದಿಲ್ಲ. ಇರುವ ಓಡಾಟವನ್ನೇ ಸರಿಯಾಗಿ ಹಂಚಬೇಕು.

ನನ್ನ ಬೈಕಿಗೆ ಅಡ್ಜಸ್ಟ್ ಮಾಡುವ ಅಗತ್ಯ ಇದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ಮೊದಲು ಟಯರಿನ ಗಾಳಿ ನೋಡಿ. ತಮಾಷೆ ಅಲ್ಲ. "ಶಾಕ್ ಗಟ್ಟಿ" ಅಂತ ನನ್ನ ಹತ್ತಿರ ಬಂದವರಲ್ಲಿ ಸುಮಾರು ಜನರದ್ದು ಟಯರಿಗೆ ಗಾಳಿ ಜಾಸ್ತಿ ಹಾಕಿಸಿದ ಸಮಸ್ಯೆ. ಬೈಕ್ ಬಿಡುವ ಮೊದಲು, ಟಯರ್ ತಣ್ಣಗಿರುವಾಗ, ಮ್ಯಾನ್ಯುವಲ್ಲಿನಲ್ಲಿ ಹೇಳಿದಷ್ಟು ಗಾಳಿ ಇದೆಯಾ ನೋಡಿ.

ಅದು ಸರಿ ಇದ್ದರೆ ಈ ಲಕ್ಷಣಗಳು. ಹಂಪಿನಲ್ಲಿ ತಳ ಮುಟ್ಟುವ ಸದ್ದು. ಹಿಂದೆ ಒಬ್ಬರು ಕೂತಾಗ ಹ್ಯಾಂಡಲ್ ಹಗುರಾಗಿ ತೇಲಿದ ಹಾಗೆ ಆಗುವುದು. ರಾತ್ರಿ ಪಡುಬಿದ್ರಿ, ಕಾಪು ಕಡೆ ಹೆದ್ದಾರಿಯಲ್ಲಿ ಹೋಗುವಾಗ, ನೀವು ಲೋ ಬೀಮ್‌ನಲ್ಲೇ ಇದ್ದರೂ ಎದುರಿನವರು ಲೈಟ್ ಹೊಡೆದು ಬಯ್ಯುವುದು. ಹಿಂಭಾಗ ಕೂತು ಮುಂಭಾಗ ಎದ್ದಿದೆ ಅಂತ ಇದರ ಅರ್ಥ. ಇವಕ್ಕೆಲ್ಲ ಪ್ರೀಲೋಡ್ ಏರಿಸಬೇಕು.

ಉಲ್ಟಾ ಲಕ್ಷಣ: ಒಬ್ಬರೇ ಹೋಗುವಾಗ ಸಣ್ಣ ಹೊಂಡಕ್ಕೂ ಹಿಂಬದಿ ಪುಟಿಯುವುದು, ಮೇಲಿನಿಂದ 'ಟಕ್' ಅನ್ನುವುದು. ಆಗ ಇಳಿಸಿ.

ಎಷ್ಟು ಸ್ಟೆಪ್ ಇರುತ್ತದೆ? ಯಾವ ಕಡೆ ತಿರುಗಿಸಬೇಕು?

ಮೀಟಿಯರ್ 350, ಈಗಿನ ಕ್ಲಾಸಿಕ್ 350ಯಲ್ಲಿ 6 ಸ್ಟೆಪ್. ಅವೆಂಜರ್ 220ಯಲ್ಲಿ 5. ನಿಮ್ಮದು ಬೇರೆ ಬೈಕಾದರೆ ಮ್ಯಾನ್ಯುವಲ್ಲಿನಲ್ಲಿ ಇರುತ್ತದೆ.

ದಿಕ್ಕಿನ ಬಗ್ಗೆ ಬಲಕ್ಕೆ, ಎಡಕ್ಕೆ ಅಂತ ನಾನು ಹೇಳುವುದಿಲ್ಲ. ಬೈಕಿನ ಹಿಂದೆ ಕೂತರೆ ಒಂದು, ಪಕ್ಕ ಕೂತರೆ ಒಂದು. ಕಾಲರಿನ ಅಂಚು ನೋಡಿ. ಅಲ್ಲಿ ಮೆಟ್ಟಿಲು ಇರುತ್ತದೆ, ಶಾಕಿನ ಮೈಯಿಂದ ಹೊರಬಂದ ಒಂದು ಗುಬುಟು ಆ ಮೆಟ್ಟಿಲಿನ ಹಳ್ಳದಲ್ಲಿ ಕೂತಿರುತ್ತದೆ. ಕಾಲರ್ ಸ್ಪ್ರಿಂಗಿನ ಕಡೆಗೆ ಸರಿದರೆ ಪ್ರೀಲೋಡ್ ಜಾಸ್ತಿ. ಸ್ಪ್ರಿಂಗಿನಿಂದ ದೂರ ಸರಿದರೆ ಕಮ್ಮಿ. ಇದು ಯಾವ ಬೈಕಿನ ಮೆಟ್ಟಿಲು ಕಾಲರಿಗೂ ಹೊಂದುತ್ತದೆ. ಏರಿಸುವಾಗ ಕೈಗೆ ಭಾರ ಗೊತ್ತಾಗುತ್ತದೆ, ಇಳಿಸುವಾಗ ಕಾಲರ್ ತಾನೇ ಜಾರಿ 'ಟಕ್' ಅಂತ ಕೂರುತ್ತದೆ.

ಒಂದು ಎಚ್ಚರ: ಕೊನೆಯ ಸ್ಟೆಪ್ಪಿನಿಂದ ನೇರ ಮೊದಲನೆಯದಕ್ಕೆ, ಅಥವಾ ಮೊದಲಿನಿಂದ ಕೊನೆಯದಕ್ಕೆ ಹಾರಿಸಬೇಡಿ. ಒಂದೊಂದೇ ಮೆಟ್ಟಿಲು ಹತ್ತಿ, ಒಂದೊಂದೇ ಇಳಿಯಿರಿ. ಬಲ ಹಾಕಿ ದಾಟಿಸಿದರೆ ಶಾಕ್ ಹಾಳಾಗಬಹುದು.

ಏನೇನು ಸಾಮಾನು ಬೇಕು?

ಸಿ ಸ್ಪ್ಯಾನರ್. ಕೆಲವರು ಹುಕ್ ಸ್ಪ್ಯಾನರ್ ಅನ್ನುತ್ತಾರೆ. ಬೈಕಿನ ಟೂಲ್ ಕಿಟ್‌ನಲ್ಲೇ ಇರುತ್ತದೆ. ಇಲ್ಲದಿದ್ದರೆ ನಿಮ್ಮ ಕಾಲರಿನ ಅಳತೆಯದ್ದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ. ಒಂದು ಹಳೆ ಟೂತ್ ಬ್ರಶ್, ಬಟ್ಟೆ ತುಂಡು, ದಪ್ಪ ಗ್ಲೌಸ್, ಟೇಲರ್ ಟೇಪ್ ಅಲ್ಲದ ಸ್ಟೀಲ್ ಟೇಪ್, ಹಿಡಿಯಲು ಒಬ್ಬ ಮನುಷ್ಯ.

ಗ್ಲೌಸ್ ಯಾಕೆ ಅಂದ್ರೆ, ಮೊದಲ ಸಲ ನನ್ನ ಸ್ಪ್ಯಾನರ್ ಜಾರಿ ಬೆರಳಿನ ಗಂಟು ಹೋಗಿ ಸೀರೆ ಗಾರ್ಡಿಗೆ ಬಡಿದಿತ್ತು. ಎರಡು ದಿನ ಅನ್ನ ಕಲಸಲು ಆಗಲಿಲ್ಲ.

ಸರಿ, ತಿರುಗಿಸುವುದು ಹೇಗೆ?

ಬೈಕ್ ಓಡಿಸಿ ಬಂದ ತಕ್ಷಣ ಕೂರಬೇಡಿ. ಸೈಲೆನ್ಸರ್ ಬಲಗಡೆ ಶಾಕಿನ ಹತ್ತಿರವೇ ಇರುತ್ತದೆ, ತಣ್ಣಗಾಗಲಿ. ಸಮತಟ್ಟಾದ ಜಾಗ ಹುಡುಕಿ. ನಮ್ಮ ಊರಲ್ಲಿ ಅದೇ ಕಷ್ಟ, ಕದ್ರಿ, ಬಿಜೈ ಕಡೆಯ ಮನೆಗಳಿಗೆ ಗೇಟಿನಿಂದಲೇ ಇಳಿಜಾರು. ಇಂಟರ್‌ಲಾಕ್ ಹಾಕಿದ ಅಂಗಳ ಆದರೆ ಒಳ್ಳೇದು. ಕೆಂಪು ಮಣ್ಣಿನ ಅಂಗಳ ಆದರೆ ಸ್ಟ್ಯಾಂಡಿನ ಕೆಳಗೆ ಒಂದು ಹಲಗೆ ಇಡಿ.

ಡಬಲ್ ಸ್ಟ್ಯಾಂಡ್ ಹಾಕಿ. ಹಿಂದಿನ ಚಕ್ರ ನೆಲ ಬಿಟ್ಟಿರಲಿ, ಆಗ ಸ್ಪ್ರಿಂಗಿನ ಮೇಲೆ ಬೈಕಿನ ಭಾರ ಇರುವುದಿಲ್ಲ. ಡಬಲ್ ಸ್ಟ್ಯಾಂಡ್ ಇಲ್ಲದ ಬೈಕಾದರೆ ಸೈಡ್ ಸ್ಟ್ಯಾಂಡಿನಲ್ಲೇ ಮಾಡಬಹುದು, ಆದರೆ ಒಬ್ಬರು ಹ್ಯಾಂಡಲ್ ಗಟ್ಟಿ ಹಿಡಿದಿರಬೇಕು. ನೀವು ಸ್ಪ್ಯಾನರ್ ಎಳೆಯುವ ಬಲಕ್ಕೆ ಬೈಕೇ ಬರುತ್ತದೆ. ಸುಮಾರು 190 ಕೆ.ಜಿ. ಮೈಮೇಲೆ ಬಿದ್ದರೆ ಪ್ರೀಲೋಡ್ ಚಿಂತೆ ಮರೆತೇ ಹೋಗುತ್ತದೆ.

ಕಾಲರಿನ ಸುತ್ತ ಬ್ರಶ್ಶಿನಿಂದ ಉಜ್ಜಿ ಮಣ್ಣು ತೆಗೆಯಿರಿ. ಈಗ ಯಾವ ಸ್ಟೆಪ್ಪಿನಲ್ಲಿದೆ ಎಣಿಸಿ, ಬರೆದಿಡಿ ಅಥವಾ ಫೋಟೋ ತೆಗೆಯಿರಿ. ಸ್ಪ್ಯಾನರಿನ ಕೊಕ್ಕೆ ಕಾಲರಿನ ಗೀರಿನಲ್ಲಿ ಪೂರ್ತಿ ಕೂರಬೇಕು, ಅರ್ಧ ಕೂತರೆ ಜಾರುತ್ತದೆ. ಸಾಧ್ಯವಾದರೆ ಸ್ಪ್ಯಾನರನ್ನು ನಿಮ್ಮ ಕಡೆಗೆ ಎಳೆಯುವ ಹಾಗೆ ಕೂರಿ, ತಳ್ಳುವ ಹಾಗೆ ಅಲ್ಲ. ಎಡಗಡೆ ಸೀರೆ ಗಾರ್ಡ್ ಅಡ್ಡ ಬರುತ್ತದೆ, ಹಿಂದಿನಿಂದ ಕೈ ಹಾಕಿ. ಹಿಡಿಕೆ ಗಿಡ್ಡ ಅನಿಸಿದರೆ ಸರಿಯಾಗಿ ಕೂರುವ ಒಂದು ಕಬ್ಬಿಣದ ಪೈಪ್ ತುಂಡು ಸಿಕ್ಕಿಸಿಕೊಳ್ಳಿ. ಎಡಗಡೆ ಶಾಕಿಗೆ ಒಂದು ಸ್ಟೆಪ್, ಬಲಗಡೆ ಶಾಕಿಗೆ ಒಂದು, ಹಾಗೆ ಎರಡೂ ಕಡೆ ಸರಿಸಮ ಮಾಡುತ್ತಾ ಹೋಗಿ.

ಹತ್ತು ನಿಮಿಷದ ಕೆಲಸ. ಮೊದಲ ಸಲ ಅರ್ಧ ಗಂಟೆ.

ಸ್ಯಾಗ್ ಅಳೆಯುವುದು ಹೇಗೆ? ಅಷ್ಟೆಲ್ಲ ಬೇಕಾ?

ಬೇಕು. ಟೇಪ್ ಇಲ್ಲದೆ ತಿರುಗಿಸುವುದು ಅಂದ್ರೆ ಉಪ್ಪು ನೋಡದೆ ಸಾರಿಗೆ ಉಪ್ಪು ಹಾಕಿದ ಹಾಗೆ.

ಹಿಂದಿನ ಆಕ್ಸಲ್ ನಟ್ಟಿನ ಮಧ್ಯದಿಂದ ನೇರ ಮೇಲೆ, ಫ್ರೇಮಿನಲ್ಲಿ ಅಲುಗಾಡದ ಒಂದು ಬೋಲ್ಟ್ ಗುರುತು ಮಾಡಿ. ಮೂರು ಸಲ ಅಳೆಯಿರಿ. ಡಬಲ್ ಸ್ಟ್ಯಾಂಡಿನಲ್ಲಿ ಚಕ್ರ ನೇತಾಡುವಾಗ ಒಂದು. ಸ್ಟ್ಯಾಂಡ್ ಇಳಿಸಿ ಬೈಕ್ ನೆಟ್ಟಗೆ ಹಿಡಿದಾಗ ಒಂದು. ಹೆಲ್ಮೆಟ್, ಬ್ಯಾಗ್ ಎಲ್ಲ ಹಾಕಿಕೊಂಡು ನೀವು ಕೂತು, ಕಾಲು ಪೆಗ್ ಮೇಲೆ ಇಟ್ಟಾಗ ಒಂದು. ಈ ಮೂರನೆಯದಕ್ಕೆ ಒಬ್ಬರು ಹ್ಯಾಂಡಲ್ ಹಿಡಿಯಬೇಕು, ಇನ್ನೊಬ್ಬರು ಅಳೆಯಬೇಕು. ನಮ್ಮ ಮನೆಯಲ್ಲಿ ಅಮ್ಮ ಟೇಪ್ ಹಿಡಿಯುತ್ತಾರೆ, "ಇದು ಎಂತ ಹುಚ್ಚು" ಅಂತ ಪ್ರತಿ ಸಲವೂ ಕೇಳುತ್ತಾರೆ.

ಉದಾಹರಣೆಗೆ ಅಳತೆ 520, 508, 492 ಮಿ.ಮೀ. ಬಂತು ಅನ್ನಿ. ಬೈಕ್ ತನ್ನ ಭಾರಕ್ಕೇ 12 ಮಿ.ಮೀ. ಕೂತಿದೆ, ನೀವು ಕೂತ ಮೇಲೆ ಒಟ್ಟು 28 ಮಿ.ಮೀ. ಈ ಒಟ್ಟು ಸ್ಯಾಗ್, ಹಿಂದಿನ ಚಕ್ರದ ಪೂರ್ತಿ ಓಡಾಟದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇದ್ದರೆ ಸರಿ. ಸೂಪರ್ ಮೀಟಿಯರ್ 650ಯಲ್ಲಿ ಹಿಂದಿನ ಓಡಾಟ 101 ಮಿ.ಮೀ. ಅಂದ್ರೆ ಸುಮಾರು 25ರಿಂದ 33 ಮಿ.ಮೀ. ಸ್ಯಾಗ್ ಬೇಕು. ಜಾಸ್ತಿ ಬಂದರೆ ಒಂದು ಸ್ಟೆಪ್ ಏರಿಸಿ ಮತ್ತೆ ಅಳೆಯಿರಿ, ಕಮ್ಮಿ ಬಂದರೆ ಇಳಿಸಿ.

ಪ್ರತಿ ಅಳತೆಗೂ ಮೊದಲು ಸೀಟನ್ನು ಎರಡು ಸಲ ಒತ್ತಿ ಬಿಡಿ. ಶಾಕ್ ಒಳಗಿನ ತಿಕ್ಕಾಟಕ್ಕೆ ಸ್ವಲ್ಪ ಅಂಟಿಕೊಂಡು ನಿಂತಿರುತ್ತದೆ, ಸುಳ್ಳು ಅಳತೆ ಬರುತ್ತದೆ.

ನೀವು ಕೂತಾಗ ಸರಿ ಬಂದು, ಬೈಕಿನ ಸ್ವಂತ ಸ್ಯಾಗ್ ಸೊನ್ನೆ ಅಂತ ಬಂದರೆ? ಆಗ ಸ್ಪ್ರಿಂಗೇ ನಿಮ್ಮ ಭಾರಕ್ಕೆ ಮೆತ್ತಗಾಯಿತು. ಅದನ್ನು ಪ್ರೀಲೋಡಿನಿಂದ ಮುಚ್ಚಿಡಬಹುದು, ಸರಿಪಡಿಸಲು ಆಗುವುದಿಲ್ಲ. ಬೇರೆ ಸ್ಪ್ರಿಂಗ್ ಬೇಕು.

ಎರಡೂ ಕಡೆ ಒಂದೇ ಸ್ಟೆಪ್ ಇರಲೇಬೇಕಾ?

ಇರಲೇಬೇಕು. ಒಮ್ಮೆ ಸರ್ವಿಸಿನಿಂದ ಬೈಕ್ ತಂದ ಮೇಲೆ ಏನೋ ಸರಿ ಇಲ್ಲ ಅನಿಸುತ್ತಿತ್ತು, ಉಡುಪಿ ತನಕ ಹೋಗಿ ಬಂದರೂ ಏನು ಅಂತ ಗೊತ್ತಾಗಲಿಲ್ಲ. ಮನೆಗೆ ಬಂದು ಎಣಿಸಿದರೆ ಎಡಗಡೆ 2, ಬಲಗಡೆ 4. ಯಾರೋ ಒಂದು ಕಡೆ ತಿರುಗಿಸಿ, ಇನ್ನೊಂದು ಕಡೆ ಸೈಲೆನ್ಸರ್ ಬಿಸಿ ಇದೆ ಅಂತ ಬಿಟ್ಟಿರಬೇಕು. ಅವತ್ತಿನಿಂದ ಸರ್ವಿಸ್ ಮುಗಿಸಿ ಗೇಟ್ ದಾಟುವ ಮೊದಲು ಬಗ್ಗಿ ಎರಡೂ ಕಡೆ ಎಣಿಸುತ್ತೇನೆ.

ಹಿಂದೆ ಹೆಂಡತಿ, ಪಕ್ಕದಲ್ಲಿ ಎರಡು ಬ್ಯಾಗ್. ಕೊಲ್ಲೂರಿಗೆ ಹೋಗಬೇಕು. ಎಷ್ಟು ಏರಿಸಲಿ?

ಒಬ್ಬರೇ ಇರುವಾಗ ಸರಿ ಇದ್ದ ಸ್ಟೆಪ್ಪಿಗಿಂತ ಎರಡು ಮೇಲೆ ಇಟ್ಟು ಅಳೆದು ನೋಡಿ. ಅಳೆಯುವಾಗ ಇಬ್ಬರೂ ಕೂತಿರಬೇಕು, ಬ್ಯಾಗೂ ಕಟ್ಟಿರಬೇಕು. ಹಿಂದೆ ಕೂರುವವರ ಭಾರ ಬಹುಪಾಲು ಹಿಂದಿನ ಚಕ್ರಕ್ಕೇ ಹೋಗುತ್ತದೆ, ಹಾಗಾಗಿ ಅವರ ತೂಕವೇ ಮುಖ್ಯ. ಅದನ್ನು ಅವರ ಎದುರು ಜೋರಾಗಿ ಲೆಕ್ಕ ಹಾಕಬೇಡಿ.

ವಾಪಸ್ ಬಂದ ಮೇಲೆ ಇಳಿಸುವುದು ಮರೆಯಬೇಡಿ. ಅರ್ಧ ಜನ ಇಲ್ಲೇ ತಪ್ಪುವುದು. ಇಬ್ಬರಿಗೆ ಇಟ್ಟ ಸ್ಟೆಪ್ಪಿನಲ್ಲೇ ಆರು ತಿಂಗಳು ಒಬ್ಬರೇ ಆಫೀಸಿಗೆ ಹೋಗಿ, ಆಮೇಲೆ "ಈ ಬೈಕ್ ಗಟ್ಟಿ" ಅಂತ ಮಾರಲು ಹೊರಡುತ್ತಾರೆ.

ಆಗುಂಬೆ ಘಾಟಿಯಲ್ಲಿ ಫುಟ್‌ಪೆಗ್ ರಸ್ತೆಗೆ ತಾಗುತ್ತದೆ. ಇದಕ್ಕೂ ಪ್ರೀಲೋಡಿಗೂ ಸಂಬಂಧ ಉಂಟಾ?

ಉಂಟು. ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವು. ಕ್ರೂಸರಿನ ಪೆಗ್ ಮೊದಲೇ ತಗ್ಗು. ಹಿಂಭಾಗ ಕೂತಿದ್ದರೆ ಇನ್ನೂ ತಗ್ಗು. ಸ್ಯಾಗ್ ಸರಿ ಮಾಡಿದರೆ ಕೆಲವು ಮಿಲಿಮೀಟರ್ ಸಿಗುತ್ತದೆ, ಅಷ್ಟೇ ಸಾಕಾಗಬಹುದು. ಆಮೇಲೂ ತಾಗಿದರೆ ನಿಮ್ಮ ವೇಗ ಜಾಸ್ತಿ. ಅಲ್ಲಿ ಎದುರಿನಿಂದ ಬಸ್ಸು ಪೂರ್ತಿ ರಸ್ತೆ ಹಿಡಿದು ತಿರುಗುತ್ತದೆ ಅನ್ನುವುದು ನೆನಪಿರಲಿ.

ನಾನು ಸ್ವಲ್ಪ ಕುಳ್ಳು. ಪೂರ್ತಿ ಇಳಿಸಿದ್ರೆ ಕಾಲು ನೆಲಕ್ಕೆ ಎಟುಕುತ್ತದಾ?

ಸಿಗುವುದು ತೀರಾ ಸ್ವಲ್ಪ. ಮೀಟಿಯರಿನ ಸೀಟ್ 765 ಮಿ.ಮೀ., ಅವೆಂಜರ್ ಕ್ರೂಸ್ 220ಯದ್ದು 737. ಅಷ್ಟು ತಗ್ಗಿನ ಸೀಟಿಗೂ ಎಟುಕದಿದ್ದರೆ ಸೀಟಿನ ಫೋಮ್ ಕಡಿಮೆ ಮಾಡಿಸುವುದು ಅಥವಾ ದಪ್ಪ ಅಡಿಯ ಶೂ ಹಾಕುವುದು ವಾಸಿ. ಶಾಕ್ ಅದಕ್ಕಾಗಿ ಇರುವುದಲ್ಲ.

ಕಾಲರ್ ತಿರುಗುವುದೇ ಇಲ್ಲ. ತುಕ್ಕು ಹಿಡಿದಿದೆ. ಎಂತ ಮಾಡುದು?

ಕರಾವಳಿಯವರ ಪ್ರಶ್ನೆ. ಉಪ್ಪು ಗಾಳಿ, ಮೇಲಿನಿಂದ ವರ್ಷಕ್ಕೆ 3500 ಮಿ.ಮೀ.ಗಿಂತ ಜಾಸ್ತಿ ಮಳೆ, ಚಕ್ರ ಎರಚುವ ಕೆಂಪು ಮಣ್ಣು. ವರ್ಷಗಟ್ಟಲೆ ಮುಟ್ಟದ ಕಾಲರ್ ಮತ್ತು ಶಾಕ್ ಒಂದೇ ಕಬ್ಬಿಣ ಆಗಿಬಿಟ್ಟಿರುತ್ತದೆ.

ಸ್ಕ್ರೂ ಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆಯಬೇಡಿ. ಗೀರು ಕಿತ್ತುಹೋಗುತ್ತದೆ, ಪೇಂಟ್ ಎದ್ದು ಅಲ್ಲೇ ಮತ್ತೆ ತುಕ್ಕು. ಬೆಂಕಿಯಂತೂ ತೋರಿಸಲೇಬೇಡಿ. ಒಳಗೆ ಎಣ್ಣೆ, ಒತ್ತಡದ ಗ್ಯಾಸ್ ಇರುತ್ತದೆ. ಬ್ರಶ್ಶಿನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಸ್ಪ್ರೇ ಬ್ರೇಕ್ ಡಿಸ್ಕಿಗೆ, ಟಯರಿಗೆ ತಾಗದ ಹಾಗೆ ಬಟ್ಟೆ ಮುಚ್ಚಿ. ಬೆಳಿಗ್ಗೆ ಸ್ಪ್ಯಾನರ್ ಹಾಕಿ ಮೊದಲು ಇಳಿಸುವ ಕಡೆಗೆ ಸ್ವಲ್ಪ, ಆಮೇಲೆ ಏರಿಸುವ ಕಡೆಗೆ ಸ್ವಲ್ಪ, ಹೀಗೆ ಅಲುಗಾಡಿಸಿ. ಎರಡು ಮೂರು ದಿನ ಮಾಡಿದರೆ ಸಾಮಾನ್ಯವಾಗಿ ಬಿಡುತ್ತದೆ. ಬಿಟ್ಟ ಮೇಲೆ ಒರೆಸಿ, ಮೆಟ್ಟಿಲಿಗೆ ತೆಳ್ಳಗೆ ಗ್ರೀಸ್ ಹಚ್ಚಿ.

ತೆಂಗಿನೆಣ್ಣೆ ಆಗುತ್ತದಾ ಅಂತ ಕೇಳಿದವರು ಇದ್ದಾರೆ. ನಮ್ಮಲ್ಲಿ ಎಲ್ಲದಕ್ಕೂ ಅದೇ ಅಲ್ವಾ! ಇದಕ್ಕೆ ಬೇಡ, ಧೂಳು ಹಿಡಿದು ಅಂಟಾಗುತ್ತದೆ.

ಮಲ್ಪೆ ಬೀಚಿಗೆ ಹೋಗಿ ಬಂದ ಮೇಲೆ?

ಸಿಹಿ ನೀರಲ್ಲಿ ತೊಳೆಯಿರಿ, ಅವತ್ತೇ. ವಾಟರ್ ಸರ್ವಿಸಿಗೆ ಕೊಟ್ಟರೆ ಶಾಕಿನ ರಾಡ್, ಸೀಲಿನ ಹತ್ತಿರ ಜೋರು ನೀರು ಬಿಡಬೇಡಿ ಅಂತ ಹೇಳಿ. ಡೀಸೆಲ್ ಹೊಡೆಯುವುದು ಕೂಡ ಬೇಡ, ರಬ್ಬರ್ ಬುಷ್ ಹಾಳಾಗುತ್ತದೆ.

ಎಷ್ಟು ಏರಿಸಿದರೂ ಹಿಂಭಾಗ ಕುಣಿಯುತ್ತದೆ. ಯಾಕೆ?

ಕುಣಿಯುವುದನ್ನು ನಿಲ್ಲಿಸುವುದು ಸ್ಪ್ರಿಂಗ್ ಅಲ್ಲ, ಒಳಗಿನ ಎಣ್ಣೆ. ಸೀಟನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆ ಬಂದು ನಿಂತರೆ ಸರಿ. ಎರಡು ಮೂರು ಸಲ ತೂಗಿದರೆ ಶಾಕ್ ಮುಗಿದಿದೆ. ರಾಡಿನ ಸುತ್ತ ಎಣ್ಣೆ ಜಿಡ್ಡು, ಅದಕ್ಕೆ ಮೆತ್ತಿದ ಮಣ್ಣು ಕಂಡರೂ ಅದೇ ಕಥೆ. ಅಂಥ ಶಾಕಿಗೆ ಪ್ರೀಲೋಡ್ ಏರಿಸಿದರೆ ಕುಣಿತ ಇನ್ನೂ ಜಾಸ್ತಿ. ಬದಲಾಯಿಸುವುದಾದರೆ ಜೋಡಿಯಾಗಿ ಬದಲಾಯಿಸಿ.

ದೊಡ್ಡ ಕ್ರೂಸರ್‌ಗಳಿಗೂ ಇದೇ ಕ್ರಮವಾ?

ತತ್ವ ಇದೇ, ಕೈಚಳಕ ಬೇರೆ. ಕೆಲವಕ್ಕೆ ಕೈಯಲ್ಲೇ ತಿರುಗಿಸುವ ನಾಬ್ ಇರುತ್ತದೆ, ಕೆಲವಕ್ಕೆ ಮರೆ (ಥ್ರೆಡ್) ಹಾಕಿದ ಎರಡು ಬಳೆ. ಹಾರ್ಲೆಯ ಹಳೆ ಸಾಫ್ಟೇಲ್‌ಗಳಲ್ಲಿ ಶಾಕ್ ಹೊಟ್ಟೆಯ ಕೆಳಗೆ ಉದ್ದಕ್ಕೆ ಮಲಗಿರುತ್ತದೆ, ಭಾರ ಬಿದ್ದಾಗ ಕುಗ್ಗುವ ಬದಲು ಚಾಚುತ್ತದೆ. ಅಂಥದ್ದು ನಿಮ್ಮ ಹತ್ತಿರ ಇದ್ದರೆ ಮ್ಯಾನ್ಯುವಲ್ ತೆರೆಯದೆ ಸ್ಪ್ಯಾನರ್ ಮುಟ್ಟಬೇಡಿ.

ವಾರಂಟಿ ಹೋಗುತ್ತದಾ? ಪೊಲೀಸ್ ಹಿಡಿಯುತ್ತಾರಾ?

ಇಲ್ಲ. ಇದು ಕಂಪನಿಯೇ ಕೊಟ್ಟ ಅಡ್ಜಸ್ಟ್‌ಮೆಂಟ್, ಮಾಡಿಫಿಕೇಶನ್ ಅಲ್ಲ.

ಸ್ಟೆಪ್ ಬದಲಾಯಿಸಿದ ಮೇಲೆ ಬೇರೆ ಏನು ನೋಡಬೇಕು?

ಚೈನ್. ಹಿಂದಿನ ಎತ್ತರ ಬದಲಾದರೆ ಚೈನಿನ ಸಡಿಲವೂ ಸ್ವಲ್ಪ ಬದಲಾಗುತ್ತದೆ. ಹೆಡ್‌ಲೈಟ್ ಬೆಳಕು ಎಲ್ಲಿ ಬೀಳುತ್ತದೆ ಅಂತ ರಾತ್ರಿ ಕಂಪೌಂಡ್ ಗೋಡೆಗೆ ಹಾಕಿ ನೋಡಿ. ಇನ್ನೊಂದು, ಯಾರೂ ಯೋಚಿಸದ್ದು: ಹಿಂಭಾಗ ಎತ್ತರವಾದರೆ ಸೈಡ್ ಸ್ಟ್ಯಾಂಡಿನಲ್ಲಿ ಬೈಕ್ ಮೊದಲಿಗಿಂತ ಜಾಸ್ತಿ ವಾಲುತ್ತದೆ. ಬೆಂದೂರ್‌ವೆಲ್ ಇಳಿಜಾರಿನಲ್ಲಿ ನಿಲ್ಲಿಸಿ ಹೋಗುವ ಮೊದಲು, ಮನೆಯಲ್ಲೇ ಒಮ್ಮೆ ನಿಲ್ಲಿಸಿ ನೋಡಿ. ಆಮೇಲೆ ಐದಾರು ಕಿ.ಮೀ. ನಿಧಾನವಾಗಿ, ದಿನಾ ಹೋಗುವ ರಸ್ತೆಯಲ್ಲೇ ಹೋಗಿ ಬನ್ನಿ. ಗೊತ್ತಿರುವ ಹೊಂಡ ಇದ್ದರೆ ವ್ಯತ್ಯಾಸ ಬೇಗ ತಿಳಿಯುತ್ತದೆ. ನನಗೆ ಮನೆಯ ಹತ್ತಿರದ ತಿರುವಿನಲ್ಲಿ ಒಂದು ಉಂಟು. ಎರಡು ಸಲ ಮುಚ್ಚಿದರು, ಎರಡು ಮಳೆಗೆ ವಾಪಸ್ ಬಂತು.